ಕಾಂಪೌಂಡ್ ಕಟ್ಟುವ ಮುಂಚೆ ಬಾಂದು ಕಲ್ಲು ಹುಡುಕಿ

ಪ್ರಶ್ನೆ: ನಮ್ಮ ಊರು ಈಗ ನಗರಸಭೆ. ಊರ ಸಾರ್ವಜನಿಕ ರುದ್ರಭೂಮಿ ಪಹಣಿಯಲ್ಲಿ 3 ಎಕರೆ 20 ಗುಂಟೆ, 'ಸರ್ಕಾರಿ ಸ್ಮಶಾನ' ಅಂತ ಇದೆ. ಹಳೇ ಗ್ರಾಮ ನಕ್ಷೆಯಲ್ಲಿ ಅದರ ನಡುವೆ ಒಂದು ಬಂಡಿದಾರಿ ಹಾದುಹೋಗಿದೆ. ನೆಲದ ಮೇಲೆ ಆ ದಾರಿ ಇಲ್ಲ, ಅಲ್ಲೆಲ್ಲ ಸಮಾಧಿಗಳಾಗಿವೆ. ಪೂರ್ವಕ್ಕಿರುವ ಡಾಂಬರು ರಸ್ತೆಯನ್ನು ಅಗಲ ಮಾಡಲು ನಮ್ಮ ಕಡೆಯಿಂದ ಎಂಟು ಅಡಿ ಬಿಡಬೇಕು ಅನ್ನುತ್ತಿದ್ದಾರೆ. ಪಶ್ಚಿಮಕ್ಕೆ ಬಡಾವಣೆ ಇದೆ. ಕೆಲವು ಮನೆಗಳ ಹಿತ್ತಿಲು ಒಳಗೆ ಬಂದಂತಿದೆ, ಕೇಳಿದರೆ ಖಾತಾ ತೋರಿಸುತ್ತಾರೆ. ಕಾಂಪೌಂಡ್‌ಗೆ ಅನುದಾನ ಬಂದಿದ್ದು ಮಾರ್ಚ್ ಒಳಗೆ ಖರ್ಚಾಗಬೇಕಂತೆ. ಎಲ್ಲಿಂದ ಶುರು ಮಾಡೋಣ? (ರುದ್ರಭೂಮಿ ಸಮಿತಿಯ ಸದಸ್ಯರೊಬ್ಬರು)

ಉತ್ತರ: ಕಾಂಪೌಂಡ್ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಪತ್ರ ಓದಿದ ಕೂಡಲೇ ಹೇಳಬೇಕು ಅನ್ನಿಸಿದ್ದು ಇದನ್ನೇ. ಹದ್ದು ಗೊತ್ತಾಗದೆ ಕಟ್ಟಿದ ಗೋಡೆ ಸ್ಮಶಾನವನ್ನು ಕಾಯುವುದಿಲ್ಲ, ಒತ್ತುವರಿ ಮಾಡಿದವರನ್ನು ಕಾಯುತ್ತದೆ. ಗೋಡೆಯ ಆಚೆ ಉಳಿದ ಜಾಗದಲ್ಲಿರುವವರು ನಾಳೆ ಕೋರ್ಟಿನಲ್ಲಿ 'ನಗರಸಭೆಯೇ ಇಲ್ಲಿಗೆ ಹದ್ದು ಅಂತ ಒಪ್ಪಿ ಗೋಡೆ ಹಾಕಿದೆ' ಎಂದು ಫೋಟೋ ಹಾಜರುಪಡಿಸುತ್ತಾರೆ. ಅದಕ್ಕೆ ಉತ್ತರ ಹೇಳುವುದು ಬಹಳ ಕಷ್ಟ. ಮೊದಲು ಅಳತೆ, ಆಮೇಲೆ ದಾಖಲೆ ತಿದ್ದುಪಡಿ, ಗೋಡೆ ಕಟ್ಟಕಡೆಗೆ.

ಸ್ಮಶಾನಗಳು ಯಾಕೆ ಇಷ್ಟು ಸುಲಭವಾಗಿ ಕರಗುತ್ತವೆ ಅನ್ನುವುದನ್ನು ಮೊದಲು ನೋಡೋಣ. ಮೂಲ ಸರ್ವೆ ನಡೆದಾಗ ಕಂದಾಯ ಹಾಕಲಾಗದ ಜಮೀನನ್ನು ಖರಾಬು ಎಂದು ಬರೆದರು. ಕರ್ನಾಟಕ ಭೂ ಕಂದಾಯ ನಿಯಮಗಳು 1966ರ 21ನೇ ನಿಯಮದ ಪ್ರಕಾರ ಖರಾಬಿನಲ್ಲಿ ಎರಡು ಬಗೆ. ಉಳುಮೆಗೆ ಬಾರದ ಬಂಡೆ, ರೈತನ ಕಣ, ಕೊಟ್ಟಿಗೆ ಇಂಥವು 'ಎ' ಖರಾಬು, ಅದು ಹಿಡುವಳಿದಾರನ ಜೊತೆಗೇ ಹೋಗುತ್ತದೆ. ರಸ್ತೆ, ಕಾಲುದಾರಿ, ಊರವರು ಬಳಸುವ ಕೆರೆ ಹಳ್ಳ, ಹೂಳುವ ಸುಡುವ ಜಾಗ, ಕುಂಬಾರರು ಮಣ್ಣು ತೆಗೆಯುವ ಜಾಗ, ಇವೆಲ್ಲ 'ಬಿ' ಖರಾಬು, ಸಾರ್ವಜನಿಕರದ್ದು. ಅಂದರೆ ನಿಮ್ಮ ಸ್ಮಶಾನವೂ ಅದರ ಪಕ್ಕದ ರಸ್ತೆಯೂ ಒಂದೇ ಕಾಲಂನಲ್ಲಿ ಕೂತಿವೆ. ಎರಡಕ್ಕೂ ಕಂದಾಯವಿಲ್ಲ, ಮಾಲೀಕನ ಹೆಸರಿಲ್ಲ. ವಾರಸುದಾರ ಇಲ್ಲದ್ದರಿಂದ ಪೋಡಿ (ಜಾಗವನ್ನು ಅಳೆದು ಬೇರ್ಪಡಿಸಿ ಪ್ರತ್ಯೇಕ ನಂಬರ್ ಕೊಡುವುದು) ಮಾಡಿಸಿ ಎಂದು ಅರ್ಜಿ ಹಾಕಿದವರೂ ಇಲ್ಲ. ಊರು ಪಟ್ಟಣವಾಗಿ ನಗರಸಭೆ ಬಂದ ಮೇಲೂ ಇವು ಆಸ್ತಿ ತೆರಿಗೆ ಕಟ್ಟುವ ಆಸ್ತಿಗಳಲ್ಲವಾದ್ದರಿಂದ ಆಸ್ತಿ ರಿಜಿಸ್ಟರಿಗೆ ಏರಲಿಲ್ಲ. ಪಕ್ಕದ ಪ್ರತಿ ಸೈಟಿಗೂ ಖಾತಾ ಇರುತ್ತದೆ, ನಡುವೆ ಸ್ಮಶಾನಕ್ಕೆ ಮಾತ್ರ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಜಾಗ ಕಡಿಮೆಯಾಗುತ್ತ ಬಂದರೂ ಪಹಣಿಯಲ್ಲಿ 3 ಎಕರೆ 20 ಗುಂಟೆ ಹಾಗೇ ನಿಂತಿರುತ್ತದೆ.

ಹಾಗಾಗಿ ಪಹಣಿಯೊಂದನ್ನೇ ಹಿಡಿದು ಹೊರಡಬೇಡಿ. ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯಿಂದ ಮೂರು ನಕಲು ತೆಗೆಸಿ. ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಬರೆದ ರೇಖಾಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ಸರ್ವೆ ದಾಖಲೆ), ಗ್ರಾಮ ನಕ್ಷೆ. ಇದೇ ಮೂರನ್ನು ಸುತ್ತಲಿನ ಎಲ್ಲ ಸರ್ವೆ ನಂಬರುಗಳಿಗೂ ತೆಗೆಸಿ. ಇಲ್ಲಿ ಕಾಸು ಉಳಿಸಲು ಹೋಗಬೇಡಿ, ಏಕೆಂದರೆ ಸ್ಮಶಾನದ ಒಂದು ತುಂಡು ಪಕ್ಕದ ಖಾಸಗಿ ನಂಬರಿನೊಳಗೆ ಬಿ ಖರಾಬಾಗಿ ಕೂತಿರುವುದು ತೀರಾ ಸಾಮಾನ್ಯ. ಬಡಾವಣೆ ಆದ ನಂಬರಿನ ಆಕಾರ್‌ಬಂದ್‌ನಲ್ಲಿ 'ಸ್ಮಶಾನ' ಅಂತ ನಾಲ್ಕೋ ಆರೋ ಗುಂಟೆ ಖರಾಬು ಕಂಡರೆ, ನಿಮ್ಮ ಪಶ್ಚಿಮದ ಜಗಳದ ಅರ್ಧ ಅಲ್ಲೇ ತೀರ್ಮಾನವಾದಂತೆ. ಆ ಜಮೀನಿನ ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿದ) ಆದೇಶವನ್ನೂ ಕೇಳಿ ಪಡೆಯಿರಿ. ಬಿ ಖರಾಬನ್ನು ಬಿಟ್ಟು ಪರಿವರ್ತನೆ ಕೊಟ್ಟಿರುತ್ತಾರೆ, ಬಡಾವಣೆ ನಕ್ಷೆ ಬರೆಯುವಾಗ ಅದನ್ನೂ ಸೇರಿಸಿ ಸೈಟು ಹಾಕಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಅಳತೆ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಹದ್ದು ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಬೇಕು. ಅರ್ಜಿ ಸಮಿತಿಯ ಹೆಸರಲ್ಲಿ ಬೇಡ, ಪೌರಾಯುಕ್ತರ ಅಥವಾ ತಹಶೀಲ್ದಾರರ ಪತ್ರದ ಮೂಲಕವೇ ಹೋಗಲಿ. ಆಗ ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟಿಸ್ ಹೋಗುತ್ತದೆ, ನಾಳೆ 'ನಮಗೆ ತಿಳಿಸದೇ ಅಳೆದರು' ಅನ್ನುವ ಮಾತು ಬರುವುದಿಲ್ಲ. ಅಳತೆಯ ದಿನ ಸಮಿತಿಯವರು ಒಬ್ಬಿಬ್ಬರಾದರೂ ಬೆಳಗ್ಗೆಯಿಂದ ಜೊತೆಗಿರಿ. ಊರಿನ ಹಿರಿಯರಲ್ಲಿ ಗುಂಡಿ ತೋಡುವ ಕೆಲಸ ಮಾಡಿದವರಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಯಾವ ಮೂಲೆಯವರೆಗೆ ಹೂಳಿದ್ದಾರೆ, ಯಾವ ಬೇಲಿ ಆಮೇಲೆ ಬಂತು, ಯಾವ ಕಲ್ಲು ಮಣ್ಣಿನಡಿ ಹೋಯಿತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಕಡತದಲ್ಲೂ ಇರುವುದಿಲ್ಲ.

ಹಳೇ ಮೈಸೂರು ಮತ್ತು ಮುಂಬಯಿ ಪ್ರಾಂತ್ಯದ ಭಾಗಗಳಲ್ಲಿ ಅಳತೆ ಮಾಡಿದ್ದು 33 ಅಡಿಯ ಚೈನಿನಿಂದ. ಒಂದು ಚೈನಿಗೆ 16 ಆಣೆ. 33 ಅಡಿಗೆ 33 ಅಡಿ ಅಂದರೆ 1,089 ಚದರಡಿ, ಅದೇ ಒಂದು ಗುಂಟೆ. ಟಿಪ್ಪಣಿಯಲ್ಲಿ ಗೆರೆಗಳ ಪಕ್ಕ ಬರೆದಿರುವ ಅಂಕಿಗಳು ಈ ಚೈನು ಆಣೆಗಳು. ಈಗಿನ ಸರ್ವೆಯರ್ ರೋವರ್ (ಉಪಗ್ರಹ ಸಂಕೇತದಿಂದ ಅಳೆಯುವ ಉಪಕರಣ) ತಂದರೂ ಅವರು ಹುಡುಕಬೇಕಾದದ್ದು ಅದೇ ಹಳೇ ಅಳತೆಯನ್ನು. ಮೂರು ಸರ್ವೆ ನಂಬರುಗಳು ಕೂಡುವ ಕಡೆ ನೆಟ್ಟಿರುವ ಬಾಂದು ಕಲ್ಲು ಸಿಕ್ಕರೆ ಕೆಲಸ ಸುಲಭ. ಸಿಗದಿದ್ದರೆ ದೂರದ ಗಟ್ಟಿ ಗುರುತುಗಳಿಂದ, ಹಳೇ ಬಾವಿ, ದೇವಸ್ಥಾನ, ಗ್ರಾಮದ ಗಡಿ ಕಲ್ಲು, ಇಂಥವುಗಳಿಂದ ಅಳೆದುಕೊಂಡು ಬರಬೇಕು. ಪಕ್ಕದ ಮನೆಯ ಗೋಡೆಯನ್ನೇ ಆಧಾರ ಮಾಡಿಕೊಂಡು ಅಳೆಯಲು ಶುರು ಮಾಡಿದರೆ ಅಲ್ಲೇ ತಡೆದು ಕೇಳಿ. ಆ ಗೋಡೆ ಸರಿಯಾದ ಜಾಗದಲ್ಲಿದೆಯೇ ಅನ್ನುವುದೇ ಪ್ರಶ್ನೆ, ಅದನ್ನೇ ಉತ್ತರವೆಂದು ಹಿಡಿದರೆ ಅಳತೆಗೆ ಅರ್ಥವಿಲ್ಲ.

ಗ್ರಾಮ ನಕ್ಷೆಯ ಬಗ್ಗೆಯೂ ಒಂದು ಎಚ್ಚರ. ನಮ್ಮ ಗ್ರಾಮ ನಕ್ಷೆಗಳ ಪ್ರಮಾಣ 1:7,920. ನಕ್ಷೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. ಎಂಟು ಅಡಿಯ ಜಗಳವನ್ನು ಆ ನಕ್ಷೆಯ ಜೆರಾಕ್ಸ್ ಹಿಡಿದು ಬಗೆಹರಿಸಲಾಗದು, ಗೆರೆಯೇ ಎಂಟಡಿಗಿಂತ ದಪ್ಪ. ದಿಶಾಂಕ್ ಆ್ಯಪ್‌ನ ಕಥೆಯೂ ಅಷ್ಟೇ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಅದು ಬಹಳ ಒಳ್ಳೆಯದು, ಹದ್ದು ಎಲ್ಲಿ ಎಂದು ಹೇಳಲು ಅಲ್ಲ. ಬಾಂದು ಕಲ್ಲು ಸಿಕ್ಕರೆ ಕಲ್ಲು, ಇಲ್ಲದಿದ್ದರೆ ಟಿಪ್ಪಣಿಯ ಅಂಕಿ, ನಕ್ಷೆ ಆಮೇಲೆ. (ದಕ್ಷಿಣ ಕನ್ನಡ, ಉಡುಪಿ ಕಡೆಯ ಓದುಗರಿಗೆ: ನಿಮ್ಮಲ್ಲಿ ಲೆಕ್ಕ ಸೆಂಟ್ಸಿನಲ್ಲಿ, ಒಂದು ಸೆಂಟ್ 435.6 ಚದರಡಿ. ದಾಖಲೆಗಳ ಹೆಸರು ಬೇರೆ ಇದ್ದರೂ ಕ್ರಮ ಇದೇ.)

ಈಗ ನಡುವಿನ ಬಂಡಿದಾರಿ. ನಕ್ಷೆಯಲ್ಲಿ ಎರಡು ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ಅದು ಸವೆದು ಹೋಯಿತು, ಯಾರೂ ಓಡಾಡುವುದಿಲ್ಲ ಎಂಬ ಕಾರಣಕ್ಕೆ ಕಾನೂನಿನ ಕಣ್ಣಿನಲ್ಲಿ ದಾರಿ ಇಲ್ಲವಾಗುವುದಿಲ್ಲ. ಭೂ ಕಂದಾಯ ಅಧಿನಿಯಮ 1964ರ 67ನೇ ಕಲಂ ಪ್ರಕಾರ ಖಾಸಗಿಯವರದ್ದಲ್ಲದ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ರಾಜ್ಯ ಸರ್ಕಾರದ ಸ್ವತ್ತು. ಅದರ ಮೇಲೆ ಸಮಾಧಿ ಕಟ್ಟಿದ್ದರೂ ಅದು ಇಂದಿಗೂ ದಾರಿಯೇ. ಈಗ ಯಾರೂ ಕೇಳದಿರಬಹುದು. ಆದರೆ ನಾಳೆ ಹಿಂದುಗಡೆಯ ಜಮೀನಿನಲ್ಲಿ ಬಡಾವಣೆ ಬಂದು, ಅವರು 'ನಕಾಶೆ ದಾರಿ ಬಿಡಿಸಿಕೊಡಿ' ಎಂದು ಅರ್ಜಿ ಹಾಕಿದರೆ ತಹಶೀಲ್ದಾರರು ಜೆಸಿಬಿ ಜೊತೆ ಬರಬೇಕಾಗುತ್ತದೆ. ಸಮಾಧಿಗಳ ಮೇಲೆ ಜೆಸಿಬಿ ನಿಲ್ಲುವ ದಿನ ಬರದಂತೆ ಈಗಲೇ ನೋಡಿಕೊಳ್ಳಿ.

ಇದಕ್ಕೆ ಪರಿಹಾರ ಇದೇ ಅಧಿನಿಯಮದ 68ನೇ ಕಲಂನಲ್ಲಿದೆ. ಸಾರ್ವಜನಿಕರಿಗೆ ಬೇಡವಾದ ರಸ್ತೆ ಅಥವಾ ದಾರಿಯ ಮೇಲಿನ ಹಕ್ಕುಗಳನ್ನು ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ರದ್ದುಪಡಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ದಾರಿಯ ಹಕ್ಕು ರದ್ದಾದ ಮೇಲೆ ಆ ತುಂಡು ಬರೀ ಸರ್ಕಾರಿ ಜಮೀನು. ಅದನ್ನು 71ನೇ ಕಲಂ ಪ್ರಕಾರ ಸ್ಮಶಾನಕ್ಕೆ ಕಾಯ್ದಿರಿಸಬಹುದು. ಗಾತ್ರದ ಅಂದಾಜಿಗೆ, ದಾರಿ ಅರ್ಧ ಚೈನು ಅಗಲ, ಹತ್ತು ಚೈನು ಉದ್ದ ಇದ್ದರೆ ಸರಿಯಾಗಿ 5 ಗುಂಟೆ. ಈ ಎರಡು ಆದೇಶಗಳ ಕ್ರಮ ತಪ್ಪಿಸಬೇಡಿ. ದಾರಿ ರದ್ದಾಗದೆ ಕಾಯ್ದಿರಿಸಿದರೆ ಒಬ್ಬ ಅರ್ಜಿದಾರ ಸಾಕು, ಎರಡನೆಯ ಆದೇಶ ಬಿದ್ದುಹೋಗುತ್ತದೆ.

ಅರ್ಜಿ ಹಾಕುವ ಮುಂಚೆ ಆ ದಾರಿಯ ಎರಡು ತುದಿಗೂ ನಡೆದು ಹೋಗಿ ನೋಡಿ. ಅದರ ಕೊನೆಯಲ್ಲಿ ಬೇರೆ ದಾರಿಯೇ ಇಲ್ಲದ ಜಮೀನು ಯಾರದ್ದಾದರೂ ಇದೆಯೇ? ಇದ್ದರೆ ಅವರ ತಕರಾರು ನ್ಯಾಯವಾದದ್ದು, ಅದನ್ನು ಜಿಲ್ಲಾಧಿಕಾರಿಗಳು ಕಡೆಗಣಿಸಲಾರರು. ಸಮಾಧಿ ಇಲ್ಲದ ಅಂಚಿನಲ್ಲಿ ಒಂದು ಬದಲಿ ದಾರಿಯನ್ನು ಅಳೆದು, ಪ್ರಸ್ತಾವನೆಯಲ್ಲೇ ಸೇರಿಸಿ ಕಳಿಸಿ. ಇಂಥ ರಾಜಿ ಕಾಗದದಲ್ಲಿ ಆಗಬೇಕು, ಬಾಯಿಮಾತಿನಲ್ಲಿ ಬೇಡ.

ಪೂರ್ವದ ರಸ್ತೆಯ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಸಂಕಟ ಕೊಡುವುದು ಇದೇ. ರಸ್ತೆ ಅಗಲ ಮಾಡಬೇಕೆಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಸ್ಮಶಾನದ ಮೇಲೆ. ಎದುರುಗಡೆ ಅಂಗಡಿಗಳಿವೆ, ಪರಿಹಾರ ಕೊಡಬೇಕು, ತಡೆಯಾಜ್ಞೆ ತರುತ್ತಾರೆ. ಈ ಕಡೆ ಹೂತವರು ಮಾತಾಡುವುದಿಲ್ಲ. ಆದ್ದರಿಂದ 'ನಿಮ್ಮ ಕಡೆಯಿಂದ ಎಂಟಡಿ' ಎಂದಾಗ ನೀವು ಕೇಳಬೇಕಾದ ಮೊದಲ ಮಾತು, ರಸ್ತೆಯನ್ನು ಅಳೆದಿದ್ದೀರಾ ಎಂಬುದು. ಡಾಂಬರು ಎಷ್ಟು ಅಗಲ ಇದೆ ಎಂದಲ್ಲ, ದಾಖಲೆಯಲ್ಲಿ ರಸ್ತೆ ಎಷ್ಟು ಅಗಲ ಇದೆ, ಅದರ ಮಧ್ಯರೇಖೆ ಎಲ್ಲಿತ್ತು ಎಂದು. ಎದುರಿನವರು ವರ್ಷಕ್ಕಿಷ್ಟರಂತೆ ಮೆಟ್ಟಿಲು, ಶೀಟು, ಕಟ್ಟೆ ಮುಂದಕ್ಕೆ ತಂದಂತೆಲ್ಲ ವಾಹನಗಳು ಸ್ಮಶಾನದ ಕಡೆಗೆ ಸರಿಯುತ್ತವೆ, ಮುಂದಿನ ಸಲ ಡಾಂಬರು ಹಾಕುವವರು ವಾಹನ ಓಡಾಡಿದ ಕಡೆಗೇ ಹಾಕುತ್ತಾರೆ. ಹೀಗೆ ರಸ್ತೆಯೇ ಮೆಲ್ಲಗೆ ನಡೆದು ಬಂದಿರುತ್ತದೆ. ಆಮೇಲೆ ಆ ಹೊಸ ಮಧ್ಯರೇಖೆಯಿಂದ ಎರಡೂ ಕಡೆ ಸಮನಾಗಿ ಅಗಲ ಮಾಡುತ್ತೇವೆ ಅಂದರೆ, ಒತ್ತುವರಿಯ ಪೂರ್ತಿ ಭಾರ ಸ್ಮಶಾನದ ಮೇಲೆ ಬಿದ್ದಂತೆ. 330 ಅಡಿ ಉದ್ದಕ್ಕೆ ಮೂರು ಅಡಿ ಸರಿದರೂ ಹೆಚ್ಚುಕಡಿಮೆ ಒಂದು ಗುಂಟೆ ಹೋಗುತ್ತದೆ. ಎಂಟಡಿ ಅಂದರೆ ಎರಡೂವರೆ ಗುಂಟೆಯ ಹತ್ತಿರ.

ರಸ್ತೆ ಎಂದರೆ ಡಾಂಬರು ಮಾತ್ರವಲ್ಲ ಎನ್ನುವುದನ್ನು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಮಂಗಲೌರ್ ಮುನಿಸಿಪಲ್ ಬೋರ್ಡ್ ಮತ್ತು ಮಹಾದೇವಜಿ ಮಹಾರಾಜ್ ನಡುವಿನ ಪ್ರಕರಣ, ಉತ್ತರ ಭಾರತದ ಪಟ್ಟಣವೊಂದರದ್ದು, ನಮ್ಮ ಮಂಗಳೂರಿನದ್ದಲ್ಲ. ದಾರಿಯ ಅಕ್ಕಪಕ್ಕದ, ದಾರಿಗೆ ಸೇರಿ ಬಳಕೆಯಾಗುವ ಜಾಗವೂ ಸಾರ್ವಜನಿಕ ದಾರಿಯ ಭಾಗವೇ, ಮುನಿಸಿಪಾಲಿಟಿ ಕೂಡ ಅದನ್ನು ದಾರಿಗಲ್ಲದ ಕೆಲಸಕ್ಕೆ ಬಳಸುವಂತಿಲ್ಲ ಎಂಬುದು ಅದರ ಸಾರ. ಇದನ್ನು ಹಿಡಿದು ರಸ್ತೆಯ ಎರಡೂ ಬದಿ ಹದ್ದುಬಸ್ತು ಮಾಡಿಸಲು ಒತ್ತಾಯಿಸಿ. ಎದುರಿನವರು 'ಹನ್ನೆರಡು ವರ್ಷ ಆಯಿತು, ನಮ್ಮದೇ ಆಯಿತು' ಅನ್ನಬಹುದು. ಕಾಲಮಿತಿ ಅಧಿನಿಯಮ 1963ರಲ್ಲಿ ಖಾಸಗಿಯವರ ನಡುವೆ ಹನ್ನೆರಡು ವರ್ಷ ಇರುವುದು ನಿಜ. ಸಾರ್ವಜನಿಕ ರಸ್ತೆಯ ಸ್ವಾಧೀನಕ್ಕಾಗಿ ಸ್ಥಳೀಯ ಸಂಸ್ಥೆ ಹಾಕುವ ದಾವೆಗೆ 111ನೇ ಅನುಚ್ಛೇದದಲ್ಲಿ 30 ವರ್ಷ ಇದೆ, ಸರ್ಕಾರದ ದಾವೆಗೆ 112ರಲ್ಲೂ 30 ವರ್ಷ. ಕಾಲ ಇನ್ನೂ ಇರುವಾಗಲೇ ಅಳತೆ ಮಾಡಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ರಸ್ತೆಯ ಮೂಲ ಅಗಲ ಬಿಡಿಸಿಕೊಂಡ ಮೇಲೂ ಸಾಲದೇ ಹೋದರೆ? ಆಗಲೂ ನಗರಸಭೆಯ ಠರಾವು ಒಂದರಿಂದ ಸ್ಮಶಾನದ ಜಾಗ ರಸ್ತೆಯಾಗುವುದಿಲ್ಲ. 71ನೇ ಕಲಂ ಪ್ರಕಾರ ಒಂದು ಉದ್ದೇಶಕ್ಕೆ ಕಾಯ್ದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ನಿಮ್ಮ ಪಹಣಿಯಲ್ಲಿ 'ಸ್ಮಶಾನ' ಎಂದು ಬರೆದಿರುವುದರ ಹಿಂದೆ ಅಂಥ ಆದೇಶವೋ ಮೂಲ ಸರ್ವೆಯ ನಮೂದೋ ಇದೆಯೇ, ಮ್ಯುಟೇಶನ್ (ಪಹಣಿಯ ನಮೂದು ಬದಲಾವಣೆ) ಸಂಖ್ಯೆ ಏನು ಎಂದು ಈಗಲೇ ನೋಡಿಟ್ಟುಕೊಳ್ಳಿ. ನಿಜವಾಗಿಯೂ ಬೇರೆ ದಾರಿಯೇ ಇಲ್ಲದ ಸಂದರ್ಭಗಳು ಇರುತ್ತವೆ, ಒಪ್ಪುತ್ತೇನೆ. ಹಾಗಾದಾಗ ಮೂರು ಸಂಗತಿ ಕಾಗದದಲ್ಲಿ ಪಡೆಯಿರಿ: ರಸ್ತೆಗೆ ಹೋಗುವ ಜಾಗದಲ್ಲಿರುವ ಸಮಾಧಿಗಳ ಪಟ್ಟಿ ಮತ್ತು ಮನೆಯವರಿಗೆ ನೋಟಿಸ್, ಅಸ್ಥಿ ಸ್ಥಳಾಂತರವನ್ನು ಅವರವರ ಸಂಪ್ರದಾಯದಂತೆ ಮಾಡಿಸುವ ಖರ್ಚು, ಕಳೆದುಕೊಂಡಷ್ಟೇ ಜಾಗ ಸ್ಮಶಾನಕ್ಕೆ ಹೊಂದಿಕೊಂಡಂತೆ.

ಸಮಾಧಿಗಳ ಪಟ್ಟಿ ಮಾಡುವಾಗ ಕಲ್ಲು ಕಟ್ಟಡ ಇರುವುದನ್ನಷ್ಟೇ ಎಣಿಸಿದರೆ ಅನ್ಯಾಯವಾಗುತ್ತದೆ. ಬಡವರ ಗುಂಡಿಯ ಮೇಲೆ ಎರಡು ಮಳೆಗಾಲದ ನಂತರ ಗುರುತೇ ಉಳಿಯುವುದಿಲ್ಲ. ಅನೇಕ ಊರುಗಳಲ್ಲಿ ದಲಿತರು ಹೂಳುವ ಜಾಗ ಅಂಚಿನಲ್ಲಿ, ಹಳ್ಳದ ಬದಿಗೆ, ರಸ್ತೆಯ ಪಕ್ಕಕ್ಕೇ ಇರುತ್ತದೆ. ಅಗಲೀಕರಣದಲ್ಲಿ ಮೊದಲು ಹೋಗುವುದೂ ಆ ಅಂಚೇ. ಹಲವು ಕಡೆ ಅಂಥ ಜಾಗ ಸ್ಮಶಾನದ ಸರ್ವೆ ನಂಬರಿನಲ್ಲೇ ಇರುವುದಿಲ್ಲ, ಪಕ್ಕದ ಗೋಮಾಳದಲ್ಲೋ ಕೆರೆಯಂಗಳದಲ್ಲೋ ಇರುತ್ತದೆ, ದಾಖಲೆಯ ಪ್ರಕಾರ ಅಲ್ಲಿ ಸ್ಮಶಾನವೇ ಇಲ್ಲ. ನಿಮ್ಮ ಊರಿನಲ್ಲಿ ಹಾಗಿದ್ದರೆ ಅದನ್ನೂ ಇದೇ ಅಳತೆಯಲ್ಲಿ ಸೇರಿಸಿ, ಸ್ಕೆಚ್ ಮಾಡಿಸಿ, ಸ್ಮಶಾನಕ್ಕೆ ಕಾಯ್ದಿರಿಸುವ ಪ್ರಸ್ತಾವನೆಯನ್ನು ಒಟ್ಟಿಗೇ ಕಳಿಸಿ. ಸಮಿತಿ ಒಂದು ಸಲ ಇಷ್ಟು ಓಡಾಡುವಾಗ ಅವರ ಜಾಗವನ್ನು ಬಿಟ್ಟು ಬರಬಾರದು. ಚರಂಡಿ ಅಥವಾ ಒಳಚರಂಡಿ ಪೈಪಿಗೆ ರಸ್ತೆಬದಿ ಅಗೆಯುವ ಮುಂಚೆಯೂ ಹಿರಿಯರನ್ನು ಕರೆಸಿ ತೋರಿಸಿ. ಸಮಾಧಿ ಸ್ಥಳಕ್ಕೆ ಅಕ್ರಮವಾಗಿ ನುಗ್ಗಿ ಜನರ ಭಾವನೆಗೆ ನೋವುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಪ್ರಕಾರ ಅಪರಾಧ, ಗುತ್ತಿಗೆದಾರರಿಗೆ ಇದನ್ನು ಮೊದಲೇ ತಿಳಿಸಿದರೆ ಎಚ್ಚರ ವಹಿಸುತ್ತಾರೆ.

ಪಶ್ಚಿಮದ ಮನೆಗಳ ಮಾತು. ಖಾತಾ ಎಂಬುದು ತೆರಿಗೆ ಕಟ್ಟುವವರ ಹೆಸರಿನ ದಾಖಲೆ, ಅದರಿಂದ ಯಾರಿಗೂ ಹೊಸ ಹಕ್ಕು ಹುಟ್ಟುವುದಿಲ್ಲ. ಇ-ಖಾತಾ ಆದರೂ ಅಷ್ಟೇ. ಅವರ ಕ್ರಯಪತ್ರ ಕೇಳಿ, ನೋಂದಣಿಯಾದ ಪತ್ರದ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲೇ ಸಿಗುತ್ತದೆ. ಕೊನೆಯ ಪುಟದ ಷೆಡ್ಯೂಲಿನಲ್ಲಿ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಓದಿ. 'ಪೂರ್ವಕ್ಕೆ: ಸ್ಮಶಾನ' ಎಂದೂ, ಸೈಟಿನ ಅಳತೆ ಪೂರ್ವ ಪಶ್ಚಿಮ 40 ಅಡಿ ಎಂದೂ ಇದ್ದರೆ, ಅವರ ಮುಂದಿನ ರಸ್ತೆಯ ಅಂಚಿನಿಂದ 40 ಅಡಿ ಅಳೆದು ನೋಡಿ. ನಲವತ್ತರ ಆಚೆ ಇರುವ ಬಟ್ಟೆ ಒಗೆಯುವ ಕಲ್ಲು, ಸಿಂಟೆಕ್ಸ್ ಟ್ಯಾಂಕು, ದನದ ಕೊಟ್ಟಿಗೆ ಎಲ್ಲ ಅವರ ಪತ್ರದ ಪ್ರಕಾರವೇ ಅವರದ್ದಲ್ಲ. ಮುಂದಿನ ಬಡಾವಣೆ ರಸ್ತೆಯೂ ನಕ್ಷೆಯಲ್ಲಿರುವ ಜಾಗದಲ್ಲೇ ಇದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಆ ರಸ್ತೆಯೇ ಪೂರ್ವಕ್ಕೆ ಸರಿದಿದ್ದರೆ ಮನೆಯವರ ತಪ್ಪಿಲ್ಲದೆಯೂ ಸೈಟು ಸರಿದಿರುತ್ತದೆ, ಆಗ ಹೊಣೆ ಬಡಾವಣೆ ಮಾಡಿದವರದ್ದು.

ತೆರವಿಗೆ ಕಾನೂನು ಸಾಕಷ್ಟಿದೆ. ಭೂ ಕಂದಾಯ ಅಧಿನಿಯಮದ 104ನೇ ಕಲಂ ಇದೆ, 1974ರ ಸಾರ್ವಜನಿಕ ಆವರಣಗಳ ತೆರವು ಅಧಿನಿಯಮ ಇದೆ, ಒತ್ತುವರಿ ಅಪರಾಧವೆಂದು ಹೇಳುವ 192ಎ ಇದೆ. ಸಾರ್ವಜನಿಕ ಜಾಗದ ಒತ್ತುವರಿ ಬಿಡಿಸಬೇಕೆಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಆದರೂ ನನ್ನ ಸಲಹೆ, ಹದ್ದುಬಸ್ತು ಸ್ಕೆಚ್ ಕೈಗೆ ಬಂದ ಮೇಲೆ ಮೊದಲು ಆ ಮನೆಗಳವರನ್ನು ಕೂರಿಸಿ ತೋರಿಸಿ. ಅವರ ಮನೆಯವರೂ ಇದೇ ನೆಲಕ್ಕೆ ಬಂದವರು, ಬರುವವರು. ಹಿತ್ತಿಲು ಗೋಡೆ ಹಿಂದಕ್ಕೆ ಹಾಕಿಕೊಳ್ಳಲು ಒಪ್ಪುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಇರುತ್ತಾರೆ. ಒಪ್ಪದವರಿಗೆ ನೋಟಿಸ್ ಇದ್ದೇ ಇದೆ.

ನಿಮ್ಮ ರುದ್ರಭೂಮಿಗೆ ಹೊಂದಿಕೊಂಡು ಖಬರಸ್ತಾನವೋ ಕ್ರೈಸ್ತರ ಸಮಾಧಿ ಸ್ಥಳವೋ ಇದ್ದರೆ, ಅವರನ್ನೂ ಅಳತೆಯ ನೋಟಿಸಿನಲ್ಲಿ ಸೇರಿಸಿ. ವಕ್ಫ್ ಆಸ್ತಿಯಾಗಿ ದಾಖಲಾದ ಜಾಗಕ್ಕೆ 1995ರ ವಕ್ಫ್ ಕಾಯ್ದೆ, ಚರ್ಚಿನ ಜಾಗಕ್ಕೆ ಅದರ ಟ್ರಸ್ಟಿನ ದಾಖಲೆಗಳು ಅನ್ವಯಿಸುತ್ತವೆ. ಅಕ್ಕಪಕ್ಕದ ಹದ್ದುಗಳನ್ನು ಒಂದೇ ದಿನ, ಎಲ್ಲರ ಎದುರಿಗೆ ಗುರುತಿಸಿದರೆ ಮುಂದೆ ಮನಸ್ತಾಪಕ್ಕೆ ಎಡೆ ಇರುವುದಿಲ್ಲ.

ಅಳತೆ, ಆದೇಶಗಳು ಮುಗಿದ ಮೇಲೆ ಪೋಡಿ ದುರಸ್ತಿ ಆಗಬೇಕು. ಬಂಡಿದಾರಿಯ ತುಂಡು, ಪಕ್ಕದ ನಂಬರಿನ ಬಿ ಖರಾಬು ತುಂಡು, ಇವಕ್ಕೆ ಹಿಸ್ಸಾ (ಉಪವಿಭಾಗದ) ನಂಬರ್ ಬಿದ್ದು ಆಕಾರ್‌ಬಂದ್ ತಿದ್ದುಪಡಿಯಾಗಿ, ಪಹಣಿಯ 9ನೇ ಕಾಲಂನಲ್ಲಿ 'ಸರ್ಕಾರ, ಸಾರ್ವಜನಿಕ ರುದ್ರಭೂಮಿ' ಎಂದು ಬರಬೇಕು, 11ರಲ್ಲಿ ಆದೇಶದ ಸಂಖ್ಯೆ ಬರಬೇಕು. ಈ ಕೆಲಸವನ್ನು ಬಹಳ ಕಡೆ ಅರ್ಧಕ್ಕೇ ಬಿಡುತ್ತಾರೆ, ಆದೇಶ ಕಡತದಲ್ಲಿ ಮಲಗಿರುತ್ತದೆ, ಪಹಣಿ ಹಳೆಯದೇ ಇರುತ್ತದೆ. 133ನೇ ಕಲಂ ಪ್ರಕಾರ ಹಕ್ಕುದಾಖಲೆಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದೇ ಭಾವಿಸಲಾಗುತ್ತದೆ, ಆ ಬಲ ನಿಮಗೆ ಬೇಕೆಂದರೆ ನಮೂದು ಆಗಿರಬೇಕು. ಮ್ಯುಟೇಶನ್ ತಿರಸ್ಕಾರವಾದರೆ 136ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಬಹುದು. ಜೊತೆಗೆ ನಗರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ರುದ್ರಭೂಮಿಗೂ ಪೂರ್ವದ ರಸ್ತೆಗೂ ಬೇರೆ ಬೇರೆ ನಮೂದು ಮಾಡಿಸಿ, ರಸ್ತೆಯ ಅಗಲವನ್ನು ಮೀಟರಿನಲ್ಲಿ ಬರೆಸಿ, ಸ್ಕೆಚ್ ಲಗತ್ತಿಸಿ. ಸ್ಮಶಾನ ಒದಗಿಸಿ ನೋಡಿಕೊಳ್ಳುವುದು ಪುರಸಭೆಗಳ ಅಧಿನಿಯಮದ 87ನೇ ಕಲಂ ಪ್ರಕಾರ ನಗರಸಭೆಯ ಕಡ್ಡಾಯ ಕರ್ತವ್ಯಗಳಲ್ಲೊಂದು, ಸಂಕೋಚವಿಲ್ಲದೆ ಕೇಳಿ.

ಇನ್ನು ಉಳಿದದ್ದು ಮಾರ್ಚ್ ಅನುದಾನದ ಮಾತು. ಹಣ ವಾಪಸ್ ಹೋಗುವ ಭಯಕ್ಕೆ ಗೋಡೆ ಕಟ್ಟಬೇಡಿ. ಕ್ರಿಯಾಯೋಜನೆ ಬದಲಿಸಿಕೊಡಿ ಎಂದು ಈ ವಾರವೇ ಪೌರಾಯುಕ್ತರಿಗೆ ಬರೆದುಕೊಡಿ. ಹದ್ದಿಗೆ ತಾಗದ ಕೆಲಸಗಳು ಒಳಗೆ ಬೇಕಾದಷ್ಟಿರುತ್ತವೆ: ಬೋರ್‌ವೆಲ್ ಮತ್ತು ನೀರಿನ ತೊಟ್ಟಿ, ಸುಡುವ ಕಟ್ಟೆಯ ಮೇಲೆ ಶೆಡ್, ಹೆಂಗಸರು ಹಿರಿಯರು ಕೂರಲು ನೆರಳು, ಮುಖ್ಯ ಬಾಗಿಲಿನಿಂದ ಒಳಗಿನವರೆಗೆ ಮಳೆಗಾಲದಲ್ಲಿ ಕೆಸರಾಗದ ಹಾದಿ, ಬೀದಿದೀಪ. ಗೋಡೆಯ ಹಣದಲ್ಲಿ ಸ್ವಲ್ಪ ಭಾಗವನ್ನು ಬಾಂದು ಕಲ್ಲುಗಳಿಗೆಂದೇ ತೆಗೆದಿಡಿ. ಹದ್ದುಬಸ್ತು ಆದ ದಿನವೇ, ಸರ್ವೆಯರ್ ಇನ್ನೂ ಅಲ್ಲಿರುವಾಗಲೇ, ಗುರುತು ಮಾಡಿದ ಪ್ರತಿ ತಿರುವಿನಲ್ಲೂ ಕಲ್ಲು ನೆಟ್ಟು ಸುತ್ತ ಕಾಂಕ್ರೀಟ್ ಹಾಕಿಸಿ. ಗೂಟ ಹೊಡೆದು ಸುಣ್ಣ ಹಾಕಿ ಬಂದರೆ ಮರುದಿನ ಬೆಳಗ್ಗೆ ಗೂಟ ಬೇರೆಡೆ ಇರುತ್ತದೆ.